ಆವರಣ ಚಿಹ್ನೆಯೊಳಗೆ ಉಳಿದವಳು

ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದ ಆರಂಭದಲ್ಲಿ ಬರುವ ಕತೆ ಬೈಬಲ್ ಓದದವರಿಗೂ ಗೊತ್ತಿರುತ್ತದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಒಬ್ಬ ಹೆಂಗಸನ್ನು ಎಳೆದು ತರುತ್ತಾರೆ. ಕಲ್ಲೆಸೆದು ಕೊಲ್ಲಬೇಕೆಂಬುದು ಧರ್ಮಶಾಸ್ತ್ರ. ಯೇಸು ಬಗ್ಗಿ ಬೆರಳಿನಿಂದ ನೆಲದ ಮೇಲೆ ಏನನ್ನೋ ಬರೆಯುತ್ತಾನೆ. ಮೊದಲ ಕಲ್ಲೆಸೆಯುವ ಅರ್ಹತೆ ಯಾರಿಗಿದೆ ಎಂಬ ಪ್ರಶ್ನೆಯನ್ನು ಗುಂಪಿನ ಮುಂದಿಡುತ್ತಾನೆ. ಒಬ್ಬೊಬ್ಬರಾಗಿ ಎಲ್ಲರೂ ಹೊರಟುಹೋಗುತ್ತಾರೆ.

ಈ ಕತೆಗೆ ಒಂದು ತೊಡಕಿದೆ. ಕ್ರಿ.ಶ. 200ರ ಸುಮಾರಿನದೆನ್ನಲಾದ ಪಪೈರಸ್ ಪ್ರತಿಯಲ್ಲಿ ಅದಿಲ್ಲ. ನಾಲ್ಕನೆಯ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಾದ ಸಿನೈಟಿಕಸ್, ವ್ಯಾಟಿಕನಸ್‌ಗಳಲ್ಲೂ ಇಲ್ಲ. ಐದನೆಯ ಶತಮಾನದ್ದೆನ್ನುವ ಬೇಜಾ ಪ್ರತಿಯಲ್ಲಿದೆ. ಮಧ್ಯಯುಗದ ಕೆಲವು ಪ್ರತಿಗಳಲ್ಲಂತೂ ಅದು ಲೂಕನ ಸುವಾರ್ತೆಗೆ ಹೋಗಿ ಕೂತಿದೆ. ಇಂದು ವಿದ್ವಾಂಸರು ಬಳಸುವ ಗ್ರೀಕ್ ಆವೃತ್ತಿ ಈ ಕತೆಯನ್ನು ಜೋಡಿ ಆವರಣ ಚಿಹ್ನೆಗಳೊಳಗೆ ಅಚ್ಚುಹಾಕುತ್ತದೆ. ನಮ್ಮ ಗ್ರಂಥಸಂಪಾದಕರ ಮಾತಿನಲ್ಲಿ ಹೇಳುವುದಾದರೆ, ಪ್ರಕ್ಷಿಪ್ತ.

ಹಾಗಾದರೆ ದೇವರು ತನ್ನ ವಾಕ್ಯವನ್ನು ಕಾಪಾಡಿದ್ದಾನೆ ಎಂಬ ಕ್ರೈಸ್ತರ ನಂಬಿಕೆಯ ಗತಿಯೇನು? 1546ರಲ್ಲಿ ಟ್ರೆಂಟ್ ಸಭೆ ಲ್ಯಾಟಿನ್ ವಲ್ಗೇಟ್ ಅನ್ನು ಪ್ರಮಾಣವೆಂದು ಸಾರಿತು. ಕ್ಯಾಥೊಲಿಕರಿಗೆ ಅಲ್ಲಿರುವ ಈ ಕತೆಯೂ ಪವಿತ್ರವೇ. ಮೂಲಭಾಷೆಯ ಪಠ್ಯವೇ ದೈವಕೃಪೆಯಿಂದ ಎಲ್ಲ ಕಾಲಕ್ಕೂ ಶುದ್ಧವಾಗಿ ಉಳಿದಿದೆ ಎಂದು 1646ರ ಹೊತ್ತಿಗೆ ವೆಸ್ಟ್‌ಮಿನ್‌ಸ್ಟರ್‌ನ ಪ್ರಾಟೆಸ್ಟೆಂಟರು ಬರೆದುಕೊಂಡರು.

1707ರಲ್ಲಿ ಜಾನ್ ಮಿಲ್ ಹೊಸ ಒಡಂಬಡಿಕೆಯ ಆವೃತ್ತಿಯೊಂದನ್ನು ತಂದ. ಅದರಲ್ಲಿ ಸುಮಾರು 30,000 ಪಾಠಾಂತರಗಳಿದ್ದವು. ಭಕ್ತ ಡೇನಿಯಲ್ ವಿಟ್ಬಿ ಗಾಬರಿಯಾದ. ಆ ಗಾಬರಿಯನ್ನೇ ಹಿಡಿದು ಸ್ವತಂತ್ರ ವಿಚಾರವಾದಿ ಆಂಥನಿ ಕಾಲಿನ್ಸ್ ಶಾಸ್ತ್ರಗ್ರಂಥದ ಮೇಲೆ ಏರಿಹೋದ. ಇಬ್ಬರ ಎಣಿಕೆಯೂ ಒಂದೇ: ಪಾಠಾಂತರ ಇದ್ದರೆ ಪಠ್ಯ ಕೆಟ್ಟಂತೆ. 1713ರಲ್ಲಿ ರಿಚರ್ಡ್ ಬೆಂಟ್ಲಿ ಕೊಟ್ಟ ಉತ್ತರ ಈಗಲೂ ಹಳತಾಗಿಲ್ಲ. ಒಂದೇ ಪ್ರತಿ ಉಳಿದ ಕೃತಿಯಲ್ಲಿ ಪಾಠಾಂತರ ಇರುವುದಿಲ್ಲ. ತಪ್ಪುಗಳಿರುತ್ತವೆ, ಹಿಡಿಯಲು ದಾರಿಯಿರುವುದಿಲ್ಲ. ಪ್ರತಿ ಹೆಚ್ಚಿದಷ್ಟೂ ವ್ಯತ್ಯಾಸ ಹೆಚ್ಚುತ್ತದೆ, ಮೂಲದ ಸುಳಿವೂ ಹೆಚ್ಚುತ್ತದೆ. ಕತೆ ಇಲ್ಲದ ಪ್ರತಿಗಳೂ ಉಳಿದಿರುವುದರಿಂದಲೇ ಅದು ಆಮೇಲೆ ಸೇರಿದ್ದೆಂದು ನಮಗೆ ತಿಳಿದಿದೆ.

ಆದರೆ ಬೆಂಟ್ಲಿಯ ತರ್ಕ ಅರ್ಧ ಮಾತ್ರ ವಿವರಿಸುತ್ತದೆ. ಯೋಹಾನನ ಮೊದಲ ಪತ್ರಿಕೆಯಲ್ಲಿ ತ್ರಿತ್ವವನ್ನು ಸಾರುವ ಒಂದು ವಾಕ್ಯವಿತ್ತು. ಎರಾಸ್ಮಸ್ ತನ್ನ 1516ರ ಗ್ರೀಕ್ ಆವೃತ್ತಿಯಲ್ಲಿ ಅದನ್ನು ಬಿಟ್ಟ, 1522ರಲ್ಲಿ ಸೇರಿಸಿದ. ಇಂದಿನ ಬಹುಪಾಲು ಅನುವಾದಗಳು ಅದನ್ನು ಪಠ್ಯದಿಂದ ತೆಗೆದಿವೆ. ಆ ವಾಕ್ಯದ ಆಧಾರ ಈ ಕತೆಯದಕ್ಕಿಂತ ತೀರ ದುರ್ಬಲ, ನಿಜ. ಆದರೂ ಕ್ರೈಸ್ತ ಸಿದ್ಧಾಂತಕ್ಕೆ ಅಷ್ಟು ಬೇಕಾಗಿದ್ದ ಮಾತು ಹೋಯಿತು, ಹೆಸರಿಲ್ಲದ ಹೆಂಗಸು ಉಳಿದಳು. ಅವಳನ್ನು ಉಳಿಸಿದ್ದು ಹಸ್ತಪ್ರತಿಗಳ ಸಾಕ್ಷ್ಯವೊಂದೇ ಅಲ್ಲ, ಬಿಟ್ಟುಕೊಡಲು ಮನಸ್ಸಾಗದ ಓದುಗರೂ ಹೌದು. ಹೆಂಡತಿಯರು ಸಲುಗೆ ತೆಗೆದುಕೊಂಡಾರೆಂಬ ಭಯದಿಂದ ಕೆಲವರು ಈ ಭಾಗವನ್ನು ಕಿತ್ತುಹಾಕಿದರೆಂದು ಅಗಸ್ಟೀನ್ ದೂರಿದ್ದ. ಅವನ ಊಹೆ ಸರಿಯಿರಲಿ ಬಿಡಲಿ, ಕ್ಷಮೆಯ ಕತೆ ಯಾರಿಗೆ ಕಸಿವಿಸಿ ತರುತ್ತದೆ ಎಂಬುದನ್ನು ಅವನು ಸರಿಯಾಗಿಯೇ ಗುರುತಿಸಿದ್ದ.

ಆದ್ದರಿಂದ 'ಕಾಪಾಡುವುದು' ಎಂದರೆ ಒಂದಕ್ಷರವೂ ಅಲುಗದಂತೆ ಬೀಗ ಹಾಕಿಡುವುದು ಎಂದುಕೊಂಡರೆ, ಬೈಬಲ್ಲಿನ ಚರಿತ್ರೆ ಆ ನಂಬಿಕೆಗೆ ಒಗ್ಗುವುದಿಲ್ಲ. ಸಾವಿರಾರು ಕೈಗಳು ನಕಲು ಮಾಡುತ್ತ, ತಪ್ಪುತ್ತ, ತಿದ್ದುತ್ತ ಬಂದ ಪಠ್ಯ ಅದು. ಆ ಗುರುತುಗಳನ್ನು ಅಳಿಸದೆ ಓದುಗನ ಮುಂದಿಡುವುದೂ ಕಾಪಾಡುವ ಕೆಲಸವೇ. ಉಪದೇಶಪೀಠದಿಂದ ಈ ಕತೆ ಹೇಳುವವರು ಆವರಣ ಚಿಹ್ನೆಯನ್ನು ಮರೆಮಾಚಬೇಕಿಲ್ಲ. ಗ್ರಂಥವನ್ನು ಅಲ್ಲಗಳೆಯುವವರು ಅದನ್ನು ಕಲ್ಲಿನಂತೆ ಎತ್ತಿಕೊಳ್ಳಬೇಕಿಲ್ಲ. ಇದು ಯೋಹಾನ ಬರೆದದ್ದಲ್ಲದಿರಬಹುದು, ಆದರೆ ಬಿಡಲಾಗದ್ದು: ಈ ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ಆ ಚಿಹ್ನೆಗಿದೆ.