ನೋವಿನ ಜಾಡು ಹಿಡಿಯುವ ಅಂಗೈ

ನಾಯಿ ತನ್ನ ಮೈಭಾರದ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಸೊಂಟದ ಕೀಲು ಸವೆದರೆ ಇನ್ನಷ್ಟು ಭಾರ ಮುಂದಕ್ಕೆ ಸರಿದು ಭುಜ, ಕತ್ತಿನ ಸ್ನಾಯುಗಳು ಬಿಗಿಯುತ್ತವೆ. ಕುಂಟುವುದು ಹಿಂಗಾಲಾದರೂ ನುರಿತ ಕೈ ಭುಜವನ್ನೂ ತಡವಿ ನೋಡುತ್ತದೆ. ನಾಯಿಗಳಿಗೆ ಮಸಾಜ್ ಮಾಡುವ ಕಸುಬಿನ ಚೆಲುವು ಇರುವುದೇ ಇಲ್ಲಿ.

ಮನುಷ್ಯರ ಮೈಚಲನೆಯನ್ನು ತಿದ್ದುವ ವಿದ್ಯೆ ರೂಪಿಸಿದ ಮೋಶೆ ಫೆಲ್ಡೆನ್‌ಕ್ರೈಸ್ ಅವರಲ್ಲಿ ಕಲಿತ ಲಿಂಡಾ ಟೆಲ್ಲಿಂಗ್ಟನ್-ಜೋನ್ಸ್, 1970ರ ದಶಕದಲ್ಲಿ ಆ ವಿದ್ಯೆಯನ್ನು ಕುದುರೆಗಳಿಗೆ ಒಗ್ಗಿಸಿದರು. ಬೆರಳತುದಿಯಿಂದ ಚರ್ಮವನ್ನು ಒಂದೂಕಾಲು ಸುತ್ತು ಮೆಲ್ಲಗೆ ಸರಿಸುವ ಆ ‘ಟಿ-ಟಚ್’ ಮುಂದೆ ನಾಯಿಗಳಿಗೂ ಬಂತು.

ಇಂಥ ಮಸಾಜಿಗೆ ಯಂತ್ರ ಬೇಡ, ಕರೆಂಟು ಬೇಡ. ಹಾಗಾಗಿ ರಾಯಚೂರು ನಗರದ ಮನೆಯ ಮುದಿ ನಾಯಿಗೂ, ದೇವದುರ್ಗ, ಮಾನ್ವಿಯ ಎರೆ ಹೊಲಗಳಲ್ಲಿ ಕುರಿಹಿಂಡಿನ ಹಿಂದೆ ಅಲೆಯುವ ನಾಯಿಗೂ ಇದು ಸಮಾನವಾಗಿ ಒದಗಬಲ್ಲದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬೆಳಗಿನ ತಂಪು ಹೊತ್ತೇ ಲೇಸು. ಕೂದಲು ಮಲಗಿದ ದಿಕ್ಕಿನಲ್ಲಿ ಕತ್ತಿನಿಂದ ಬಾಲದವರೆಗೆ ಹಗುರಾಗಿ ಸವರಬೇಕು. ಆಮೇಲೆ ತೊಡೆಯ ದಪ್ಪ ಸ್ನಾಯುಗಳನ್ನು ಮೃದುವಾಗಿ ನಾದಬೇಕು.

ನಾಯಿ ಮುಖ ತಿರುಗಿಸಿದರೆ, ಮೈ ಬಿಗಿದರೆ ಕೈ ತೆಗೆಯಬೇಕು. ಒಪ್ಪಿಗೆ ಕೊಡಬೇಕಾದದ್ದು ನಾಯಿಯೇ.

ಬಾವು, ಜ್ವರ, ಮೂಳೆಮುರಿತದ ಅನುಮಾನವಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಔಷಧದ ಜಾಗಕ್ಕೆ ಇದು ಬರುವುದಿಲ್ಲ, ಅದರ ಜೊತೆಗೆ ನಿಲ್ಲುತ್ತದೆ.