ಕಲೆಯ ಜಮಾಖರ್ಚು

ಕಲೆಯೂ ವಾಣಿಜ್ಯವೂ ಒಂದೇ ಸೂರಿನಡಿ ವಾಸಿಸಲಾರವೆಂಬುದು ಕನ್ನಡ ವಿಮರ್ಶೆಯಲ್ಲಿ ಬಹುಕಾಲದಿಂದ ಬೇರೂರಿದ ಭಾವನೆ. ಆದರೆ ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳು ಇವೆರಡರ ಸಂಬಂಧವನ್ನೇ ವ್ಯಾಸಂಗದ ವಸ್ತುವನ್ನಾಗಿ ಮಾಡಿಕೊಂಡಿವೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜು 'ಸೃಜನಶೀಲ ಹಾಗೂ ಸಾಂಸ್ಕೃತಿಕ ಉದ್ಯಮಶೀಲತೆ' ಎಂಬ ಹೆಸರಿನಲ್ಲಿ ಸಂಶೋಧನ ಪದವಿಯನ್ನು ರೂಪಿಸಿದುದು ಇದಕ್ಕೊಂದು ನಿದರ್ಶನ. ಮುಂಬಯಿಯ ಕನ್ನಡ ವಿದ್ಯಾರ್ಥಿಯಾಗಲಿ ವಿದ್ಯಾರ್ಥಿನಿಯಾಗಲಿ ಇಂಥ ಸಂಶೋಧನೆಗೆ ತೊಡಗಿದರೆ ಯಾವ ಅಳತೆಗೋಲನ್ನು ಹಿಡಿಯಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಶಾಸ್ತ್ರದ ಒಂದು ಆಧಾರಗ್ರಂಥವನ್ನು ಅಮೆರಿಕದ ಬೌಮಲ್ ಮತ್ತು ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲಿ ಪ್ರಕಟಿಸಿದರು. ಕಾರ್ಖಾನೆಯಲ್ಲಿ ಯಂತ್ರದ ನೆರವಿನಿಂದ ಉತ್ಪಾದನೆ ಹೆಚ್ಚುತ್ತದೆ, ಸಂಬಳವೂ ಏರುತ್ತದೆ. ಆದರೆ ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಇಂದಿಗೂ ನಾಲ್ವರೇ ಬೇಕು. ಆದುದರಿಂದ ಕಲೆಯ ವೆಚ್ಚಕ್ಕೂ ಆದಾಯಕ್ಕೂ ನಡುವಣ ಅಂತರ ಹಿಗ್ಗುತ್ತಲೇ ಹೋಗುತ್ತದೆಂಬುದು ಅವರ ಪ್ರತಿಪಾದನೆ. ಯಕ್ಷಗಾನಕ್ಕೂ ಈ ಮಾತು ಸಲ್ಲುತ್ತದೆ: ಭಾಗವತ, ಮದ್ದಳೆ, ಚೆಂಡೆ, ವೇಷಧಾರಿಗಳು, ಇವರಲ್ಲಿ ಯಾರನ್ನು ಕೈಬಿಡಲಾದೀತು? ಆದರೆ ಈ ಸಿದ್ಧಾಂತವು ಅಂತರವನ್ನು ತೋರಿಸುತ್ತದೆಯೇ ಹೊರತು, ಇಂಥ ಪರಿಸರದಲ್ಲಿ ಅದನ್ನು ತುಂಬುವವರು ಯಾರೆಂಬುದನ್ನು ಹೇಳುವುದಿಲ್ಲ.

1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯನ್ನು ನೋಡಬಹುದು. ಟಿಕೆಟ್ಟಿನ ಹಣವನ್ನೇ ನೆಚ್ಚಿ ಊರಿಂದೂರಿಗೆ ತಿರುಗಿದ ಈ ಸಂಸ್ಥೆಯಲ್ಲಿ ರಾಜಕುಮಾರ್ ಪಳಗಿದರು, ಬಾಲಕ ಬಿ. ವಿ. ಕಾರಂತರು ರಂಗದ ಪಾಠ ಕಲಿತರು. ಮೊದಲನೆಯವರು 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದ ನಾಯಕರಾದರು. ಎರಡನೆಯವರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಈ ತರಬೇತಿಯ ವೆಚ್ಚ ಕಂಪನಿಯ ಖಾತೆಗೆ ಬಿದ್ದಿತು. ಫಲವು ಇಡೀ ನಾಡಿಗೆ ಸಂದಿತು. ಯಾವ ಅಢಾವೆ ಪತ್ರಿಕೆಯಲ್ಲಿಯೂ ಇಂಥ ಆಸ್ತಿಗೆ ಅಂಕಣವಿಲ್ಲ. ಗುಬ್ಬಿ ವೀರಣ್ಣನವರು ತಮ್ಮ ಆತ್ಮಕಥೆಗೆ 'ಕಲೆಯೇ ಕಾಯಕ' ಎಂಬ ಹೆಸರಿತ್ತುದು ಅರ್ಥಪೂರ್ಣ. ಉದ್ಯಮವೆಂಬ ಪದವು ಲಾಭನಷ್ಟಗಳನ್ನು ಸೂಚಿಸಿದರೆ, ಶರಣರ ಕಾಯಕವೆಂಬ ಪದದಲ್ಲಿ ಜೀವನೋಪಾಯವೂ ಸಮರ್ಪಣೆಯೂ ಬೆರೆತಿವೆ. ಧಾರವಾಡದ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯದೂ ಇದೇ ಜಾಡು. ಅನಾಮಧೇಯ ತರುಣರೊಬ್ಬರ ಪ್ರಥಮ ನಾಟಕವನ್ನು, ಗಿರೀಶ ಕಾರ್ನಾಡರ 'ಯಯಾತಿ'ಯನ್ನು, 1961ರಲ್ಲಿ ಅದು ಪ್ರಕಟಿಸಿತು. ನಷ್ಟದ ಭೀತಿಯನ್ನು ಹೊರುವವನೇ ಉದ್ಯಮಿಯಾದರೆ ಜೋಶಿಯವರಿಗಿಂತ ಮಿಗಿಲಾದ ಉದ್ಯಮಿ ಯಾರು?

ಮುಂಬಯಿಯ ಸ್ಥಿತಿ ಇನ್ನಷ್ಟು ಜಟಿಲ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಮುಂತಾದ ಸಂಸ್ಥೆಗಳ ಸುತ್ತ ಬೆಳೆದ ಕನ್ನಡ ಕಲಾಜೀವನಕ್ಕೆ ಪೇಟೆಯೇ ಆಧಾರವಾಗಿರಲಿಲ್ಲ. ಹೋಟೆಲ್ ಮಾಲೀಕರ ದೇಣಿಗೆ, ಸ್ಮರಣ ಸಂಚಿಕೆಯ ಜಾಹೀರಾತು, ಹಗಲು ಕಚೇರಿಯಲ್ಲಿ ದುಡಿದು ಇರುಳು ತಾಲೀಮಿಗೆ ಕೂಡುವ ನೌಕರನ ಬಿಟ್ಟಿ ದುಡಿಮೆ, ಇವೇ ಅದರ ಮೂಲಧನ. ಕಡೆಯ ಲೋಕಲ್ ಗಾಡಿಯಲ್ಲಿ ಡೊಂಬಿವಲಿಗೆ ಹಿಂದಿರುಗುವ ನಟನ ದಣಿವಿಗೆ ರಶೀದಿಯುಂಟೆ? ಕೇವಲ ಟಿಕೆಟ್ಟಿನ ಗಳಿಕೆಯಿಂದ ಅಳೆಯುವ ಪ್ರಬಂಧವು ಈ ಶತಮಾನದ ಸಾಧನೆಯನ್ನು ಶೂನ್ಯವೆಂದು ಬರೆದೀತು. ಬಿಟ್ಟಿ ದುಡಿಮೆಯನ್ನು ಬರಿಯ ತ್ಯಾಗವೆಂದು ಹೊಗಳಿ ಸುಮ್ಮನಾಗುವ ಪ್ರಬಂಧವೂ ಅಷ್ಟೇ ಅಪೂರ್ಣ. ಆ ದುಡಿಮೆಯ ಹೊರೆ ಯಾರ ಮೇಲೆ ಬಿತ್ತು, ಮನೆಯಲ್ಲಿ ಕಾದು ಕುಳಿತ ಹೆಂಗಸರ ಪಾಲೆಷ್ಟು ಎಂಬುದನ್ನೂ ಅದು ಕೇಳಬೇಕು.

ಆದುದರಿಂದ ಸಂಶೋಧಕನ ಆಕರವು ನಾಟಕದ ಹಸ್ತಪ್ರತಿಯಷ್ಟೇ ಅಲ್ಲ; ರಶೀದಿ ಪುಸ್ತಕ, ಕರಪತ್ರ, ಸಭೆಯ ನಡಾವಳಿಗಳೂ ಹೌದು. ಚಾಳಿನ ಖೋಲಿಯಿಂದ ಉಪನಗರದ ಫ್ಲ್ಯಾಟಿಗೆ ಸಂಸಾರವು ಸಾಗುವಾಗ ಮೊದಲು ರದ್ದಿಯವನ ತಕ್ಕಡಿಗೇರುವುದು ಇವೇ. ಸಾಂತಾಕ್ರೂಜ್ ಕಲೀನಾದಲ್ಲಿರುವ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವು ವಾಣಿಜ್ಯದ ಅಧ್ಯಾಪಕರೊಡನೆ ಕೂಡಿ ಇಂಥ ಪ್ರಬಂಧವೊಂದಕ್ಕೆ ಮಾರ್ಗದರ್ಶನವೀಯುವುದು ಉಚಿತ. ಕಲೆಗೆ ಬೆಲೆ ಕಟ್ಟುವುದು ಅದರ ಗುರಿಯಲ್ಲ. ಬೆಲೆ ತೆತ್ತವರ ಹೆಸರನ್ನು ಖಾತೆಗೆ ಬರೆದಿಡುವುದು. ರದ್ದಿಯವನ ತಕ್ಕಡಿಯಾದರೋ ಪ್ರಬಂಧಕ್ಕಾಗಿ ಕಾಯುವುದಿಲ್ಲ.