ಹಗ್ಗದ ಇನ್ನೊಂದು ತುದಿ

1972ರ 'ಸೋಲೋ' ಎಂಬ ಕಿರುಚಿತ್ರದಲ್ಲಿ ಒಂದು ಕಪ್ಪೆ ಬರುತ್ತದೆ. ಅಮೆರಿಕದ ಆರೋಹಿ ಮೈಕ್ ಹೂವರ್ ಮಾಡಿದ, ಹೆಚ್ಚುಕಡಿಮೆ ಕಾಲು ಗಂಟೆಯ ಚಿತ್ರ, ಮಾತಿಲ್ಲ. ನೆಟ್ಟಗೆ ನಿಂತ ಬಂಡೆಯನ್ನು ಒಬ್ಬನೇ ಏರುತ್ತಿರುವವನಿಗೆ ಕಲ್ಲಿನ ಸೀಳೊಂದರಲ್ಲಿ ಪುಟ್ಟ ಕಪ್ಪೆ ಸಿಗುತ್ತದೆ. ಅವನು ಅದನ್ನು ಜತೆಗೇ ಒಯ್ಯುತ್ತಾನೆ, ಬೆಟ್ಟ ಇಳಿದ ಮೇಲೆ ಬಿಟ್ಟುಬಿಡುತ್ತಾನೆ. ಕತೆ ಎಂದು ಹೇಳುವುದಾದರೆ ಅಷ್ಟೇ. ಆ ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಸಾಹಸದ ಕಿರುಚಿತ್ರಗಳ ಬಗ್ಗೆ ಯೋಚಿಸಿದಾಗಲೆಲ್ಲ ಶಿಖರಕ್ಕಿಂತ ಮೊದಲು ಆ ಕಪ್ಪೆಯೇ ನನಗೆ ನೆನಪಾಗುತ್ತದೆ. ಜೀವ ಕೈಯಲ್ಲಿ ಹಿಡಿದು ತೂಗಾಡುತ್ತಿರುವ ಮನುಷ್ಯನಿಗೆ ಇನ್ನೊಂದು ಜೀವ ಕಣ್ಣಿಗೆ ಬಿತ್ತಲ್ಲ, ಅದು ದೊಡ್ಡದು. ಸಾಹಸವೆಂದರೆ ಗಮನ ಎಂದು ಈ ಪರಂಪರೆ ಒಮ್ಮೆ ಅರಿತಿತ್ತು.

ಪರಂಪರೆ ಎಂಬ ಮಾತನ್ನು ತಿಳಿದೇ ಬಳಸುತ್ತಿದ್ದೇನೆ. ಇಟಲಿಯ ಟ್ರೆಂಟೊದಲ್ಲಿ 1952ರಿಂದ, ಕೆನಡಾದ ಬ್ಯಾನ್ಫ್‌ನಲ್ಲಿ 1976ರಿಂದ ಪರ್ವತ ಚಿತ್ರೋತ್ಸವಗಳು ನಡೆಯುತ್ತಿವೆ. ಬ್ಯಾನ್ಫ್‌ನ ಚಿತ್ರಗಳು ಊರೂರು ಸುತ್ತುತ್ತ ಬೆಂಗಳೂರಿಗೂ ಬರುತ್ತವೆ. ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ಶನಿವಾರ ರಾತ್ರಿ ಬಸ್ಸು ಹತ್ತಿ ಕುಮಾರಪರ್ವತಕ್ಕೋ ಸಾವನದುರ್ಗಕ್ಕೋ ಹೋಗುವ ಹುಡುಗ ಹುಡುಗಿಯರು ಅಲ್ಲಿ ತುಂಬಿರುತ್ತಾರೆ. ಅವರ ಕಣ್ಣಿನ ಹೊಳಪನ್ನು ನಾನು ಹಗುರವಾಗಿ ಕಾಣುವವನಲ್ಲ. ಈ ಚಿತ್ರಗಳು ಎಷ್ಟೋ ಜನರನ್ನು ಕುರ್ಚಿಯಿಂದ ಎಬ್ಬಿಸಿವೆ. ಆದರೆ ಇವುಗಳ ಚೌಕಟ್ಟಿನಲ್ಲಿ ಸದಾ ಒಬ್ಬನೇ ಇರುತ್ತಾನೆ. ಹಗ್ಗಕ್ಕೆ ಎರಡು ತುದಿ ಉಂಟು ಎಂಬುದನ್ನು ಪ್ರತಿ ಆರೋಹಿಯೂ ಬಲ್ಲ. ಚಿತ್ರ ಮಾತ್ರ ಒಂದನ್ನೇ ತೋರಿಸುತ್ತ ಬಂದಿದೆ. ಕೆಳಗೆ ಹಗ್ಗ ಹಿಡಿದವರು, ಹೊರೆ ಹೊತ್ತವರು, ಆ ಬೆಟ್ಟದ ಬುಡದಲ್ಲೇ ಹುಟ್ಟಿದವರು, ಕೊನೆಗೆ ಕ್ಯಾಮೆರಾ ಹಿಡಿದವನೂ ಚೌಕಟ್ಟಿನಿಂದ ಆಚೆ.

ಈ ಜಾಡು ಹಳೆಯದು. 1922 ಮತ್ತು 1924ರ ಬ್ರಿಟಿಷ್ ಎವರೆಸ್ಟ್ ತಂಡಗಳ ಜತೆ ಹೋಗಿದ್ದ ಜಾನ್ ನೋಯೆಲ್ ಚಲನಚಿತ್ರದ ಕ್ಯಾಮೆರಾವನ್ನು ಅಷ್ಟು ಎತ್ತರಕ್ಕೆ ಒಯ್ದ ಮೊದಲಿಗರಲ್ಲಿ ಒಬ್ಬ. ಎರಡನೆಯ ಯಾತ್ರೆಯ ಚಿತ್ರಹಕ್ಕಿಗೆ ಅವನು ಎಂಟು ಸಾವಿರ ಪೌಂಡ್ ಕೊಟ್ಟಿದ್ದ. ಪ್ರಾಯೋಜಕರ ಹಣ ಸಾಹಸವನ್ನು ಕೆಡಿಸಿದ್ದು ಈಚೆಗೆ ಎಂದು ಹಲುಬುವವರು ಈ ಲೆಕ್ಕವನ್ನು ನೆನಪಿಡಬೇಕು: ಎವರೆಸ್ಟ್ ಯಾತ್ರೆಗೆ ಚಿತ್ರದ ದುಡ್ಡು ಬಿದ್ದು ನೂರು ವರ್ಷವಾಯಿತು. ಆ ಎರಡನೆಯ ತಂಡದ ಆರೋಹಿಗಳಾದ ಮ್ಯಾಲರಿ ಮತ್ತು ಇರ್ವಿನ್ 1924ರ ಜೂನ್ 8ರಂದು ಮಂಜಿನಲ್ಲಿ ಮರೆಯಾದರು. ನೋಯೆಲ್‌ನ 'ದಿ ಎಪಿಕ್ ಆಫ್ ಎವರೆಸ್ಟ್' ತೆರೆಗೆ ಬಂದಾಗ ಜನರನ್ನು ಸೆಳೆಯಲು ಟಿಬೆಟಿನಿಂದ ಲಾಮಾಗಳನ್ನು ಕರೆತಂದು ಚಿತ್ರಕ್ಕೆ ಮೊದಲು ವೇದಿಕೆಯ ಮೇಲೆ ಕುಣಿಸಲಾಯಿತು. ಚಿತ್ರದಲ್ಲಿ ತಮ್ಮ ಜನರನ್ನು ತೋರಿಸಿದ ಬಗೆಯೂ ಸೇರಿ ಟಿಬೆಟಿನ ಆಡಳಿತಕ್ಕೆ ಸಿಟ್ಟು ಬಂತು. ಮುಂದಿನ ಬ್ರಿಟಿಷ್ ಯಾತ್ರೆ ಹೊರಡಲು 1933 ಬರಬೇಕಾಯಿತು. ಬೆಟ್ಟದ ಚಿತ್ರ ಬೆಟ್ಟದ ಜನರನ್ನು ಅಲಂಕಾರವಾಗಿ ಬಳಸಿಕೊಂಡದ್ದಕ್ಕೆ ಸಿಕ್ಕ ಮೊದಲ ಉತ್ತರ ಅದು. ನೋಯೆಲ್‌ನ ಕಣ್ಣು ಮಾತ್ರ ಅದ್ಭುತದ್ದು. ದೂರದ ಮಸೂರದಲ್ಲಿ ಬಿಳಿ ಇಳಿಜಾರಿನ ಮೇಲೆ ಇರುವೆ ಸಾಲಿನಂತೆ ಸರಿಯುವ ಮನುಷ್ಯರನ್ನು ಅವನು ಹಿಡಿದ ರೀತಿ ನೋಡಿದರೆ ಇಂದಿನ ಡ್ರೋನ್‌ಗಳು ಹೊಸತಾಗಿ ಕಂಡದ್ದೇನು ಅನಿಸುತ್ತದೆ.

ಜರ್ಮನಿಯಲ್ಲಿ ಇದೇ ಹೊತ್ತಿಗೆ ಭೂವಿಜ್ಞಾನ ಓದಿದ್ದ ಆರ್ನಾಲ್ಡ್ ಫಾಂಕ್ ಪರ್ವತ ಸಿನಿಮಾ ಎಂಬ ಪಂಥವನ್ನೇ ಕಟ್ಟಿದ. ಅವನ ನಟಿ ಲೆನಿ ರೀಫೆನ್‌ಸ್ಟಾಲ್ ಮುಂದೆ ಹಿಟ್ಲರನ ಪಕ್ಷಕ್ಕೆ ಚಿತ್ರ ಮಾಡಿದಳು. ಆ ಬೆಟ್ಟಗಳ ಆರಾಧನೆಯಲ್ಲೇ ನಾಜಿ ಮನಸ್ಸಿನ ಬೀಜವಿತ್ತು ಎಂದು ಸಿನಿಮಾ ವಿಮರ್ಶಕ ಕ್ರಾಕೌರ್ 1947ರಲ್ಲಿ ಬರೆದ. ಅವನ ವಾದ ಪೂರ್ತಿ ಒಪ್ಪಿಗೆಯಾಗದಿದ್ದರೂ, ಮೋಡಗಳ ನಡುವೆ ನಿಂತ ಒಂಟಿ ವೀರನನ್ನು ಕೆಳಗಿನಿಂದ ತಲೆಯೆತ್ತಿ ನೋಡುವ ಆ ಕೋನ ಇಂದಿಗೂ ಉಳಿದಿದೆಯಲ್ಲ ಎಂಬ ಕಳವಳ ನನ್ನನ್ನು ಬಿಡುವುದಿಲ್ಲ.

ಆ ಕೋನವನ್ನು ಮುರಿದು, ಕ್ಯಾಮೆರಾವನ್ನು ಬೆರಳುಗಳ ಹತ್ತಿರಕ್ಕೆ ತಂದದ್ದು ಫ್ರೆಂಚರು. 1982ರಲ್ಲಿ ಝಾಂ-ಪಾಲ್ ಜಾನ್ಸೆನ್ ಮಾಡಿದ ಚಿತ್ರದ ಹೆಸರೇ 'ಬದುಕು ಬೆರಳ ತುದಿಯಲ್ಲಿ' ಎಂದು. ದಕ್ಷಿಣ ಫ್ರಾನ್ಸಿನ ಸುಣ್ಣಕಲ್ಲಿನ ಗೋಡೆಗಳಲ್ಲಿ ಪ್ಯಾಟ್ರಿಕ್ ಎಡ್ಲಿಂಗರ್ ಹಗ್ಗವಿಲ್ಲದೆ ಏರುತ್ತಾನೆ. ಈ ಚಿತ್ರ ಬೆಟ್ಟದ ಎತ್ತರದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆರಳು ಕಲ್ಲಿನ ಅಂಚನ್ನು ತಡವಿ, ಒಪ್ಪಿ, ಭಾರ ಹಾಕುವ ಕ್ಷಣ. ಪಾದ ಜಾಗ ಹುಡುಕುವ ಕ್ಷಣ. ತೂಕ ಸೊಂಟದ ಒಂದು ಬದಿಯಿಂದ ಇನ್ನೊಂದಕ್ಕೆ ಹರಿಯುವ ಕ್ಷಣ. ಒಳ್ಳೆಯ ವೈಣಿಕನ ಎಡಗೈಯನ್ನು ಹತ್ತಿರದಿಂದ ನೋಡಿದವರಿಗೆ ಈ ಸುಖ ಗೊತ್ತು. ಕಷ್ಟವನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದು ಕಾಣುತ್ತದೆ. ಫ್ರಾನ್ಸಿನ ಮನೆಮನೆಯ ಟಿವಿಯಲ್ಲಿ ಬಂದ ಈ ಚಿತ್ರ ಬಂಡೆ ಏರುವುದನ್ನು ಅಲ್ಲಿನ ಜನಸಾಮಾನ್ಯರ ಆಟವಾಗಿಸಿತು. ವ್ಯಾನಿನಲ್ಲೇ ವಾಸ, ಕಡಿಮೆ ಕಾಸು, ದಿನವಿಡೀ ಬಂಡೆ ಎಂಬ ಬದುಕಿನ ಕನಸನ್ನೂ ಬಿತ್ತಿತು. ಮುಂದೆ ಅದೇ ವ್ಯಾನು ನೂರಾರು ಚಿತ್ರಗಳಲ್ಲಿ ನಿಲ್ಲುತ್ತ, ಕಡೆಗೆ ಬಟ್ಟೆ ಮಾರುವ ವ್ಯಾನಾಯಿತು.

ಈಗಿನ ಸ್ಫೂರ್ತಿ ಚಿತ್ರದ ಅಚ್ಚನ್ನು ನೋಡಿದವರೆಲ್ಲ ಬಲ್ಲರು. ಬೆಳಗಿನ ಕತ್ತಲಲ್ಲಿ ಪುಟ್ಟ ಸ್ಟೌ ಮೇಲೆ ಕಾಫಿ, ಶೂ ಲೇಸ್ ಬಿಗಿಯುವ ಕೈ, ಡ್ರೋನ್ ಮೇಲೆದ್ದು ತೆರೆಯುವ ಕಣಿವೆ, ಪಿಯಾನೋದ ಒಂಟಿ ಸ್ವರ, ಬಾಲ್ಯದ ನೋವೊಂದರ ಪ್ರಸ್ತಾಪ, ನಡುವೆ ಒಂದು ಸೋಲು, ನಿಧಾನಗತಿಯಲ್ಲಿ ಗೆಲುವು, ಆಮೇಲೆ ಕಂಪನಿಯ ಲಾಂಛನ. ಇವುಗಳಲ್ಲಿ ಸುಳ್ಳು ಹೇಳುವ ಉದ್ದೇಶ ಇರುತ್ತದೆಂದು ನಾನು ಹೇಳಲಾರೆ. ತೊಂದರೆ ಇನ್ನೂ ಆಳದ್ದು. ನೋಡುವವನ ಎದೆ ಉಬ್ಬಿಸಲೇಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡ ಚಿತ್ರಕ್ಕೆ ಕಪ್ಪೆಯ ಕಡೆ ನೋಡಲು ಪುರುಸೊತ್ತಿಲ್ಲ. ಬೆಟ್ಟ ಏನು ಕೊಡುತ್ತದೋ ಎಂದು ಕಾಯುವ ಬದಲು ಬೆಟ್ಟದಿಂದ ಏನು ಬೇಕೆಂದು ಬರೆದುಕೊಂಡೇ ಹತ್ತುತ್ತದೆ. ದುಡ್ಡು ಕೊಡುವವರ ಅಂಜಿಕೆಯೂ ಇದರಲ್ಲಿ ಸೇರುತ್ತದೆ. ಯೊಸೆಮಿಟಿ ಕಣಿವೆಯ ಆರೋಹಣದ ಇತಿಹಾಸ ಹೇಳುವ 'ವ್ಯಾಲಿ ಅಪ್‌ರೈಸಿಂಗ್' 2014ರಲ್ಲಿ ಬಂದ ಮೇಲೆ, ಅದರ ಪ್ರಾಯೋಜಕರಲ್ಲೊಬ್ಬರಾಗಿದ್ದ ಅಮೆರಿಕದ ತಿನಿಸು ಕಂಪನಿಯೊಂದು ಹಗ್ಗವಿಲ್ಲದೆ ಏರುವಂಥ ಅಪಾಯ ತನಗೆ ಒಪ್ಪಿತವಲ್ಲವೆಂದು ಐವರು ಆರೋಹಿಗಳನ್ನು ಕೈಬಿಟ್ಟಿತು. ಅವರಲ್ಲಿ ಅಲೆಕ್ಸ್ ಹೊನಾಲ್ಡ್ ಮತ್ತು ಡೀನ್ ಪಾಟರ್ ಇದ್ದರು. ಮುಂದಿನ ವರ್ಷ ಪಾಟರ್ ಅದೇ ಯೊಸೆಮಿಟಿಯಲ್ಲಿ ರೆಕ್ಕೆಯುಡುಪು ತೊಟ್ಟು ಹಾರುವಾಗ ತೀರಿಕೊಂಡ.

ಅಚ್ಚಿನೊಳಗಿದ್ದೂ ಅಚ್ಚು ಮೀರಿದ ಚಿತ್ರಗಳಿವೆ. 2014ರ 'ದಿ ರಿಡ್ಜ್'ನಲ್ಲಿ ಡ್ಯಾನಿ ಮ್ಯಾಕ್‌ಆಸ್ಕಿಲ್ ತಾನು ಹುಟ್ಟಿದ, ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಕುಲಿನ್ ಏಣಿನ ಮೇಲೆ ಸೈಕಲ್ ಓಡಿಸುತ್ತಾನೆ. ಡ್ರೋನ್ ಇದೆ, ಸಂಗೀತ ಇದೆ, ಉಪದೇಶ ಇಲ್ಲ. ಅವನ ಚಕ್ರಕ್ಕೆ ಆ ಕಲ್ಲಿನ ಪರಿಚಯವಿದೆ. ಏಳೇ ನಿಮಿಷದಲ್ಲಿ ಒಂದು ಊರಿನ ಪ್ರೀತಿ ಮೈಗೆ ತಾಗುತ್ತದೆ.

ಆದರೆ ಇಡೀ ಪರಂಪರೆಯನ್ನು ಒಳಗಿನಿಂದಲೇ ಅಲುಗಿಸಿದ್ದು 'ಕೋಲ್ಡ್' ಎಂದು ನನ್ನ ಎಣಿಕೆ. 2011ರ ಫೆಬ್ರವರಿ 2ರಂದು ಸಿಮೋನೆ ಮೋರೊ, ಡೆನಿಸ್ ಉರುಬ್ಕೊ ಮತ್ತು ಕೋರಿ ರಿಚರ್ಡ್ಸ್ ಕಾರಕೋರಂನ 8,035 ಮೀಟರ್ ಎತ್ತರದ ಗಾಶರ್‌ಬ್ರುಮ್-2ರ ತುದಿ ಮುಟ್ಟಿದರು. ಆ ಸಾಲಿನ ಎಂಟು ಸಾವಿರ ಮೀಟರ್ ಶಿಖರವೊಂದನ್ನು ಚಳಿಗಾಲದಲ್ಲಿ ಏರಿದ್ದು ಅದೇ ಮೊದಲು. ಚಿತ್ರ ತೆಗೆದದ್ದು ರಿಚರ್ಡ್ಸ್. ಅಂದರೆ ಏರುತ್ತಿದ್ದವನೇ ಕ್ಯಾಮೆರಾದವನು. ಹತ್ತೊಂಬತ್ತು ನಿಮಿಷದ ಈ ಚಿತ್ರವನ್ನು ಆನ್ಸನ್ ಫೋಗಲ್ ಕಟ್ಟಿದ. ಇಲ್ಲಿ ಶಿಖರ ಬರುವುದೂ ಹೋಗುವುದೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕೆಮ್ಮು, ಡೇರೆಯೊಳಗಿನ ಇಬ್ಬನಿಗಟ್ಟಿದ ಬಟ್ಟೆ, ಉಸಿರು, ನಾನಿಲ್ಲಿ ಏಕಿದ್ದೇನೆ ಎಂಬ ಒಳದನಿ. ಇಳಿಯುವಾಗ ಹಿಮಕುಸಿತ ಮೂವರನ್ನೂ ಕೊಚ್ಚಿಕೊಂಡು ಹೋಯಿತು. ಮೂವರೂ ಬದುಕಿದರು. ಹಿಮದಿಂದ ಎದ್ದ ರಿಚರ್ಡ್ಸ್ ಕ್ಯಾಮೆರಾವನ್ನು ತನ್ನ ಮುಖಕ್ಕೇ ತಿರುಗಿಸಿದ. ಗಡ್ಡದ ಮೇಲೆ ಮಂಜುಗಡ್ಡೆ, ಕಣ್ಣಲ್ಲಿ ಭಯ, ಅಳು. ಗೆದ್ದು ಇಳಿಯುತ್ತಿದ್ದವನ ಮುಖ ಅದು ಎಂದು ಹೇಳದೆ ಹೋದರೆ ತಿಳಿಯುವುದೇ ಇಲ್ಲ.

ನೋಯೆಲ್‌ನಿಂದ ಅಲ್ಲಿಯವರೆಗೂ ಚೌಕಟ್ಟಿನ ಹಿಂದೆ ಅಡಗಿದ್ದ ಮನುಷ್ಯ ಆ ಗಳಿಗೆಯಲ್ಲಿ ಮುಂದೆ ಬಂದ. ಆಮೇಲೆ ಆ ಘಟನೆ ಮನಸ್ಸಿನಲ್ಲಿ ಬಿಟ್ಟ ಆಘಾತದ ಬಗ್ಗೆ ರಿಚರ್ಡ್ಸ್ ಬಹಿರಂಗವಾಗಿ ಮಾತಾಡಿದ. ಚಿತ್ರಕ್ಕೆ ಬ್ಯಾನ್ಫ್‌ನ ಅತ್ಯುನ್ನತ ಪ್ರಶಸ್ತಿ ಬಂತು. ಆ ಮುಖದಿಂದ ಕಲಿತವರು ಕಡಿಮೆ. ಅಳುವ ಮುಖವನ್ನೂ ಅಚ್ಚಿಗೆ ಸೇರಿಸಿಕೊಂಡವರು ಹೆಚ್ಚು.

ಕ್ಯಾಮೆರಾ ಇದ್ದರೆ ಆರೋಹಿ ಇನ್ನೂ ಒಂದು ಹೆಜ್ಜೆ ಮುಂದೆ ಇಡುತ್ತಾನೆಯೇ? ಈ ಪ್ರಶ್ನೆಯನ್ನು ಕಿರುಚಿತ್ರಗಳು ಕೇಳಿಕೊಂಡದ್ದು ತೀರ ಕಡಿಮೆ. ತೊಂಬತ್ತರ ದಶಕದ 'ಮಾಸ್ಟರ್ಸ್ ಆಫ್ ಸ್ಟೋನ್' ಸರಣಿಯಲ್ಲಿ ಡ್ಯಾನ್ ಓಸ್ಮನ್ ಹಗ್ಗವಿಲ್ಲದೆ ಗೋಡೆಯ ಮೇಲೆ ಓಡುವಂತೆ ಏರಿದ್ದನ್ನು ನೋಡಿ ಬೆಳೆದ ತಲೆಮಾರೇ ಇದೆ. ಅವನು 1998ರಲ್ಲಿ ಹಗ್ಗದ ಜಿಗಿತವೊಂದರಲ್ಲಿ ಸತ್ತ. ಪ್ರಶ್ನೆಯನ್ನು ನೇರ ಎದುರಿಸಿದ್ದು ಪೂರ್ಣಾವಧಿಯ 'ಫ್ರೀ ಸೋಲೋ'. 2017ರ ಜೂನ್ 3ರಂದು ಹೊನಾಲ್ಡ್ ಎಲ್ ಕ್ಯಾಪಿಟನ್ ಗೋಡೆಯನ್ನು ಹಗ್ಗವಿಲ್ಲದೆ ಏರುವಾಗ, ಕೆಳಗೆ ನಿಂತ ಕ್ಯಾಮೆರಾಮನ್ ಮೈಕಿ ಶೇಫರ್ ನೋಡಲಾರದೆ ಮುಖ ತಿರುಗಿಸುತ್ತಾನೆ. ಗೆಳೆಯ ಬಿದ್ದರೆ ಅದು ತನ್ನ ಚೌಕಟ್ಟಿನಲ್ಲೇ ಬೀಳುವುದು ಎಂದು ಅವನಿಗೆ ಗೊತ್ತು. ಇಡೀ ಚಿತ್ರದಲ್ಲಿ ನನ್ನ ಬೆನ್ನುಹುರಿ ತಣ್ಣಗಾದದ್ದು ಆ ತಿರುಗಿದ ಮುಖವನ್ನು ಕಂಡು.

ಹೊರೆ ಹೊತ್ತವರ ಮಾತಿಗೆ ಬಂದರೆ ಲೆಕ್ಕ ಇನ್ನೂ ಭಾರ. 1922ರ ಜೂನ್ 7ರಂದು ಎವರೆಸ್ಟಿನಲ್ಲಿ ಹಿಮಕುಸಿತಕ್ಕೆ ಏಳು ಹೊರೆಯಾಳುಗಳು ಸತ್ತರು. 1970ರಲ್ಲಿ ಜಪಾನಿನ ಯುಇಚಿರೊ ಮಿಉರ ಎವರೆಸ್ಟಿನಿಂದ ಸ್ಕೀ ಮೇಲೆ ಇಳಿದ ಸಾಹಸದ ವೇಳೆ ಖುಂಬು ಹಿಮಪ್ರಪಾತದಲ್ಲಿ ಆರು ಶೆರ್ಪಾಗಳು ಸತ್ತರು. ಆ ಇಳಿತದ ಚಿತ್ರಕ್ಕೆ ಆಸ್ಕರ್ ಬಂತು. 2014ರ ಏಪ್ರಿಲ್ 18ರಂದು ಅದೇ ಖುಂಬುವಿನಲ್ಲಿ ಹದಿನಾರು ಮಂದಿ. ಕೊನೆಯದರ ಬಗ್ಗೆ ಜೆನಿಫರ್ ಪೀಡಮ್ 'ಶೆರ್ಪಾ' ಎಂಬ ಪೂರ್ಣಾವಧಿ ಚಿತ್ರ ಮಾಡಿದಾಗಲೇ ಈ ದುಡಿಮೆ ಚೌಕಟ್ಟಿನ ನಡುವಿಗೆ ಬಂದದ್ದು. ಹದಿನೈದು ನಿಮಿಷದಲ್ಲಿ ಇದಕ್ಕೆಲ್ಲ ಜಾಗವೆಲ್ಲಿ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. 2018ರಲ್ಲಿ ಎರಿಕ್ ಕ್ರಾಸ್‌ಲ್ಯಾಂಡ್ ಮಾಡಿದ ಅಪಾ ಶೆರ್ಪಾ ಕುರಿತ ಚಿತ್ರವೂ ಚಿಕ್ಕದೇ. ಎವರೆಸ್ಟನ್ನು ಇಪ್ಪತ್ತೊಂದು ಸಲ ಏರಿದವನು ಅಲ್ಲಿ ತನ್ನ ದಾಖಲೆ ಹೇಳಿಕೊಳ್ಳುವುದಿಲ್ಲ. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಟ್ಟು ಹೊರೆಗೆ ಹೆಗಲು ಕೊಡಬೇಕಾದದ್ದನ್ನು ಹೇಳುತ್ತಾನೆ, ಹಳ್ಳಿಯ ಮಕ್ಕಳು ಓದಲಿ ಎನ್ನುತ್ತಾನೆ. ಅವಧಿ ಸಾಲದೆ ಹೋದದ್ದಲ್ಲ, ಕಣ್ಣು ಆ ಕಡೆ ತಿರುಗದೆ ಹೋದದ್ದು.

ನಮ್ಮ ಹಂಪಿಗೂ ಈ ಕ್ಯಾಮೆರಾ ಬಂದಿದೆ. 2003ರ 'ಪಿಲ್ಗ್ರಿಮೇಜ್'ನಲ್ಲಿ ಕ್ರಿಸ್ ಶರ್ಮಾ, ಕೇಟಿ ಬ್ರೌನ್ ಮೊದಲಾದ ಅಮೆರಿಕದ ಆರೋಹಿಗಳು ಹಂಪಿಯ ಗುಂಡುಗಳನ್ನು ಏರುತ್ತಾರೆ. ಆ ಚಿತ್ರ ನೋಡಿ ಜಗತ್ತಿನ ಬೌಲ್ಡರಿಂಗ್ ಮಂದಿ ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡು ತುಂಗಭದ್ರೆ ದಾಟಿದರು. ವಿರೂಪಾಪುರ ಗಡ್ಡೆ ಅವರ ಬಿಡಾರವಾಯಿತು. ನಾವು ಗುಡಿ ನೋಡುವಾಗ ಹಿನ್ನೆಲೆಯೆಂದು ಬಿಟ್ಟ ಬಂಡೆಗಳನ್ನು ಅವರು ಅಂಗೈಯಿಂದ ಓದಿದರು. ಅದಕ್ಕೆ ನಾನು ಋಣಿ. ಹಂಪಿಯ ಕಲ್ಲಿನ ಒರಟು ಎಂಥದೆಂದು ಆ ಚಿತ್ರ ನೋಡಿದ ಮೇಲೆಯೇ ನಾನು ಮುಟ್ಟಿ ನೋಡಿದ್ದು. ಆದರೆ ತೀರ್ಥಯಾತ್ರೆ ಎಂಬ ಆ ಹೆಸರು ನನ್ನನ್ನು ಕಾಡುತ್ತದೆ. ಯಾತ್ರೆಗೆ ಹೋದವರು ಊರಿನ ಅನ್ನ ಉಂಡು, ಊರವರ ಕತೆ ಕೇಳಿ ಬರುವುದು ನಮ್ಮ ವಾಡಿಕೆ. ಗಡ್ಡೆಯಲ್ಲಿ ಅವರಿಗೆ ಚಹಾ ಕಾಸಿ ಕೊಟ್ಟವರು, ತೆಪ್ಪದಲ್ಲಿ ಹೊಳೆ ದಾಟಿಸಿದವರು ಯಾವ ಚಿತ್ರದ ನಾಯಕರೂ ಆಗಲಿಲ್ಲ. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಸ್ಮಾರಕಗಳ ರಕ್ಷಣೆಗೆ ಅದು ಬೇಕಿತ್ತು ಎನ್ನುವವರಿದ್ದಾರೆ, ಅನ್ನ ಕಳೆದುಕೊಂಡವರೂ ಇದ್ದಾರೆ. ಬಂಡೆಯ ಮೇಲಿನ ಚಾಕ್ ಪುಡಿಯ ಬಿಳಿ ಕಲೆಗಳನ್ನು ಮಳೆ ತೊಳೆದಿರಬೇಕು.

ನಮ್ಮವರೇ ಆದ ಆರೋಹಿಯೊಬ್ಬರೂ ಇದ್ದಾರೆ: ಚಿತ್ರದುರ್ಗದ ಜ್ಯೋತಿರಾಜ್. ಅವರನ್ನು ಎಲ್ಲರೂ ಕೋತಿರಾಜ್ ಎಂದೇ ಕರೆಯುತ್ತಾರೆ. ಏರುವುದನ್ನು ಕೋತಿಗಳಿಂದ ಕಲಿತೆ ಎಂದು ಅವರೇ ಹೇಳಿಕೊಂಡಿದ್ದಾರೆ. ಹಗ್ಗವಿಲ್ಲದೆ ಕೋಟೆಯ ಗೋಡೆ ಏರುತ್ತಾರೆ. ಜೋಗದ ಪ್ರಪಾತಕ್ಕೆ ಕಾಣೆಯಾದವರನ್ನು ಹುಡುಕಲು ಇಳಿದಿದ್ದಾರೆ. 2014ರಲ್ಲಿ ಅವರ ಹೆಸರಿನಲ್ಲೇ ಒಂದು ಕನ್ನಡ ಸಿನಿಮಾ ಬಂತು. ಎಡ್ಲಿಂಗರನ ಬೆರಳಿಗೆ ಸಿಕ್ಕಂಥ ಚಿತ್ರ ಇವರ ಬೆರಳಿಗೆ ಸಿಕ್ಕದ್ದನ್ನು ನಾನು ಕಂಡಿಲ್ಲ. ಸಿಕ್ಕಿರುವುದು ಕೋಟೆ ನೋಡಲು ಬಂದವರ ಫೋನುಗಳ ತುಣುಕುಗಳು. ಅವುಗಳಲ್ಲಿ ಚೌಕಟ್ಟು ಸರಿಯಿಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಆದರೆ ಕೆಳಗೆ ನಿಂತವರೆಲ್ಲ ಅವುಗಳಲ್ಲಿದ್ದಾರೆ. ಜ್ಯೋತಿರಾಜ್ ಗೋಡೆಯ ನಡುವೆ ಒಂದೇ ಕೈಯಲ್ಲಿ ಜೋತು ಹಿಂತಿರುಗಿ ನೋಡುವಾಗ ಶಿಳ್ಳೆ ಹೊಡೆಯುತ್ತಿದ್ದ ಹುಡುಗರು ಸುಮ್ಮನಾಗುತ್ತಾರೆ, ಫೋನು ಹಿಡಿದ ಕೈ ಅಲುಗುತ್ತದೆ, ಹತ್ತಿರದಲ್ಲೇ ಯಾರೋ ಹೆಂಗಸು ಮೆಲ್ಲಗೆ, ಸಾಕು, ಇಳಿದು ಬಾರಪ್ಪ ಅನ್ನುತ್ತಾಳೆ.